ಎಲ್ಲಾ ಮಾಯಾ ಕತಿ ಒಂದೇ ಅಲ್ಲರೀ

ವಡಗೇರಾದಲ್ಲಿ ಬಸ್ಸಿಗೆ ಕಾಯುತ್ತ ಚಹಾದ ಅಂಗಡಿಯಲ್ಲಿ ಕೂತಿದ್ದೆ. ಕರೆಂಟ್ ಹೋಗಿತ್ತು. ಪಕ್ಕದಲ್ಲಿದ್ದ ಕಾಕಾ ಒಬ್ಬರು ಫೋನು ನನ್ನ ಮೂಗಿನ ಹತ್ತಿರ ತಂದರು. ಹಳೇ ಕೋಟೆಯಂಥ ಜಾಗ, ಒಂದು ಗಡಿಗೆ, ಅದರ ಮೇಲೆ ಹೆಡೆ ಬಿಚ್ಚಿದ ನಾಗರಹಾವು. ಹೆಡೆಯ ಮೇಲೆ ಬಲ್ಬಿನಂಗ ಹೊಳೆಯುವ ಒಂದು ಹರಳು.

‘ಏ ತಮ್ಮಾ, ನೀ ಪೇಪರ್ ವಿದ್ಯಾ ಕಲ್ತಾಂವ ಇದ್ದಿ. ಇದು ಖರೇ ಅದ ಏನ್ ನೋಡು.’

ಪತ್ರಿಕೋದ್ಯಮ ಓದಿ ಊರಿಗೆ ಬಂದವರಿಗೆ ಮೊದಲು ಸಿಗುವ ಕೆಲಸ ಇದೇ. ಸಂಬಳ ಇಲ್ಲ, ಚಹಾ ಸಿಗುತ್ತದೆ. ನಾನು ಹೇಳಿದೆ, ‘ಕಾಕಾ, ಹಾವಿನ ತಲಿ ಮ್ಯಾಲ ಮಣಿ ಇರಲ್ಲ. ಇದು ಯಾರೋ ಕೂತು ಮಾಡಿದ ವಿಡಿಯೋ.’

ಕಾಕಾ ಸುಮ್ಮನಾಗಲಿಲ್ಲ. ‘ಮತ್ತ ನಿಮ್ಮ ಹುಡುಗೂರು ನೋಡೋ ಹ್ಯಾರಿ ಪಾಟರ್, ಬಾಹುಬಲಿ ಖರೇ ಏನು? ಅವೂ ಸುಳ್ಳೇ. ಎಲ್ಲಾ ಮಾಯಾ-ಮಂತ್ರ ಒಂದೇ ಬಿಡು.’

ಅಷ್ಟರಲ್ಲಿ ಬಸ್ ಬಂತು, ಉತ್ತರ ಕೊಡಲು ಆಗಲಿಲ್ಲ. ಈ ಬರಹ ಆ ಕಾಕಾನಿಗೆ ಕೊಡಬೇಕಿದ್ದ ಉತ್ತರ. ಸ್ವಲ್ಪ ಉದ್ದ ಆಗುತ್ತದೆ, ಊಟ ಆದ ಮೇಲೆ ಓದಿ.

ನನ್ನ ವಾದ ಇಷ್ಟೇ. ಮಾಯಾ ಕತೆಗಳು ಒಂದೇ ಜಾತಿಯವಲ್ಲ. ಇಂಗ್ಲಿಷಿನವರು ಫ್ಯಾಂಟಸಿ ಎಂದು ಕರೆದು, ಅದರೊಳಗೆ ಹತ್ತಾರು ಬಗೆ ಮಾಡಿ, ಒಂದೊಂದಕ್ಕೆ ಒಂದೊಂದು ಹೆಸರು ಇಟ್ಟಿದ್ದಾರೆ. ನಾವು ಹೆಸರು ಇಟ್ಟಿಲ್ಲ, ಆದರೆ ಬಗೆಗಳು ನಮ್ಮಲ್ಲಿ ಎಲ್ಲವೂ ಇವೆ. ಅವುಗಳ ಗುರುತು ತಿಳಿದವನಿಗೆ, ಮಾಯಾ ಕತೆಯ ಅಂಗಿ ಹಾಕಿಕೊಂಡು ಬರುವ ಸುಳ್ಳು ಸುದ್ದಿಯ ಗುರುತೂ ಸಿಗುತ್ತದೆ. ನಮ್ಮ ಕಡೆ ಇದು ಬರೀ ಸಾಹಿತ್ಯದ ಮಾತಲ್ಲ, ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಆಯಿಯಿಂದ ಶುರು ಮಾಡೋಣ. ಆಯಿ ಹಗಲು ಹೊತ್ತು ಕತಿ ಹೇಳುತ್ತಿರಲಿಲ್ಲ. ಹಗಲು ಹೇಳಿದರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪುತ್ತಾರೆ ಎನ್ನುತ್ತಿದ್ದಳು. ಚಿಕ್ಕವನಿದ್ದಾಗ ನಾನು ಅದನ್ನು ನಂಬಿದ್ದೆ. ಈಗ ಅನಿಸುತ್ತದೆ, ಹತ್ತಿ ಬಿಡಿಸುವ ಹೊತ್ತಿನಲ್ಲಿ ಮೊಮ್ಮಕ್ಕಳು ಸೆರಗು ಹಿಡಿದು ಕೂಡಬಾರದು ಎಂದು ಮಾಡಿಕೊಂಡ ಉಪಾಯ ಇರಬೇಕು. ರಾತ್ರಿ ಅಂಗಳದಲ್ಲಿ ಕೌದಿ ಹಾಸಿದ ಮೇಲೆ ಶುರು. ‘ಒಂದು ಊರಾಗ ಒಬ್ಬ ರಾಜಾ ಇದ್ನಂತ.’ ನಾವು ‘ಹ್ಞೂಂ’ ಅನ್ನಬೇಕು. ಹ್ಞೂಂ ನಿಂತರೆ ಕತಿಯೂ ನಿಂತಿತು.

ಈ ‘ಇದ್ನಂತ’ದ ಕಡೆ ಸ್ವಲ್ಪ ನೋಡಿ. ಆಯಿ ‘ಇದ್ದ’ ಎನ್ನಲಿಲ್ಲ. ‘ನಾ ನೋಡಿಲ್ಲ, ಹಿರಿಯರು ಹೇಳಿದ್ದು, ನೀನೂ ಹಂಗೇ ಕೇಳು’ ಎಂಬುದೆಲ್ಲ ಆ ಒಂದು ‘ಅಂತ’ದೊಳಗೆ ಇದೆ. ನಮ್ಮ ಹ್ಞೂಂ ಆ ಕರಾರಿಗೆ ಹಾಕಿದ ಹೆಬ್ಬೆಟ್ಟು. ಹೇಳುವವರು, ಕೇಳುವವರು ಇಬ್ಬರಿಗೂ ಇದು ಕತಿ ಎಂದು ಗೊತ್ತಿರುತ್ತದೆ. ಫ್ಯಾಂಟಸಿಯ ಯಾವ ಬಗೆ ತೆಗೆದುಕೊಂಡರೂ ಅದರ ಮೊದಲ ಗುರುತು ಈ ಕರಾರು.

ಬಗೆಗಳನ್ನು ಬೇರೆ ಮಾಡುವುದು ಹೇಗೆ? ರಾಕ್ಷಸ ಇದ್ದರೆ ಒಂದು ಬಗೆ, ದೆವ್ವ ಇದ್ದರೆ ಇನ್ನೊಂದು ಎಂದು ಹಲವರು ಭಾಗ ಮಾಡುತ್ತಾರೆ. ಅದು ಜೋಳದ ಚೀಲದ ಬಣ್ಣ ನೋಡಿ ಜೋಳದ ದರ ಕಟ್ಟಿದಂತೆ. ಫರಾ ಮೆಂಡಲ್‌ಸನ್ ಎಂಬ ಇಂಗ್ಲೆಂಡಿನ ವಿದ್ವಾಂಸೆ 2008ರಲ್ಲಿ ಒಂದು ಪುಸ್ತಕ ಬರೆದು ಬೇರೆ ಪ್ರಶ್ನೆ ಕೇಳಿದರು: ಮಾಯೆ ಕತೆಯೊಳಗೆ ಬರುವುದು ಎಲ್ಲಿಂದ? ನಾವು ಅದರ ಲೋಕಕ್ಕೆ ಹೋಗುತ್ತೇವೋ, ಅದು ನಮ್ಮ ಮನೆಗೆ ಬರುತ್ತದೋ, ಇಲ್ಲಾ ಮೊದಲಿನಿಂದಲೂ ಅಲ್ಲೇ ಇತ್ತೋ? ನನಗೆ ಈ ಪ್ರಶ್ನೆ ಬಹಳ ಹಿಡಿಸಿತು. ಇದನ್ನು ಇಟ್ಟುಕೊಂಡು ಆಯಿಯ ಕತೆಗಳನ್ನೂ ಜರಡಿ ಹಿಡಿಯಬಹುದು.

ಇಡೀ ಲೋಕವೇ ಬೇರೆ ಇರುವ ಕತೆಗೆ ಹೈ ಫ್ಯಾಂಟಸಿ, ಎಪಿಕ್ ಫ್ಯಾಂಟಸಿ ಎನ್ನುತ್ತಾರೆ. ಅಲ್ಲಿಯ ಗುಡ್ಡ, ನದಿ, ರಾಜ್ಯ, ಭಾಷೆ ಎಲ್ಲವೂ ಕತೆಗಾರ ಕಟ್ಟಿದವು. ದುಷ್ಟಶಕ್ತಿ ಒಂದು ಊರನ್ನಲ್ಲ, ಇಡೀ ಲೋಕವನ್ನು ನುಂಗಲು ಬಂದಿರುತ್ತದೆ. ಆಕ್ಸ್‌ಫರ್ಡಿನಲ್ಲಿ ಹಳೇ ಇಂಗ್ಲಿಷ್ ಕಲಿಸುತ್ತಿದ್ದ ಟೋಲ್ಕಿನ್ ಮೇಷ್ಟ್ರು 1937ರಲ್ಲಿ ‘ದ ಹಾಬಿಟ್’, 1954–55ರಲ್ಲಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದು ಈ ಬಗೆಗೆ ದಾರಿ ಹಾಕಿಕೊಟ್ಟರು. ಅವರ ಕತೆಯಲ್ಲಿ ಕುಳ್ಳರ ಒಂದು ಜನಾಂಗ ಬರುತ್ತದೆ. ಗುಡ್ಡದೊಳಗೆ ಮನೆ, ಕಲ್ಲಿನ ಕೆಲಸ, ಭಾರಿ ಬಲ. ಆ ಕುಳ್ಳರ ಹೆಸರುಗಳನ್ನು ಅವರು ಉತ್ತರ ಯುರೋಪಿನ ಒಂದು ಹಳೇ ಕಾವ್ಯದಿಂದ ಎತ್ತಿಕೊಂಡಿದ್ದರು.

ಕುಳ್ಳರ ಮಾತು ಬಂದಾಗ ನನಗೆ ರಾಜನಕೋಳೂರು ನೆನಪಾಗುತ್ತದೆ. ಹಳೇ ಸುರಪುರ ಸಂಸ್ಥಾನದ ಊರು. ಅಲ್ಲಿ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೆ ಒಂದು ಚಪ್ಪಡಿ ಹೊದಿಸಿದ ಕಲ್ಲಿನ ಕೋಣೆಗಳಿವೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲಿ ಅವುಗಳ ಬಗ್ಗೆ ಬರೆದ. ಸುರಪುರದ ಟೇಲರ್ ಮಂಜಿಲ್ ಗೊತ್ತಲ್ಲ, ಅದೇ ಟೇಲರ್. ಇವು ಯಾರ ಮನೆ ಎಂದು ಕೇಳಿದಾಗ ಸುತ್ತಲಿನ ಜನ ಮೋರ್ಯರದು ಎಂದರಂತೆ. ಮೋರ್ಯರು ಬಹಳ ಕುಳ್ಳರು, ಆದರೆ ಆನೆಯಂಥ ಬಲದವರು ಎಂಬ ನಂಬಿಕೆಯನ್ನು ಆತ ಬರೆದಿಟ್ಟಿದ್ದಾನೆ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲೂ ಇಂಥ ನೂರಾರು ಕಲ್ಲುಮನೆಗಳಿವೆ, ಆ ಗುಡ್ಡಕ್ಕೂ ಮೋರ್ಯರ ಗುಡ್ಡ ಎಂದೇ ಹೆಸರು.

ಪುರಾತತ್ವದವರ ಪ್ರಕಾರ ಅವು ಎರಡು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾಯುಗದ ಜನ ಸತ್ತವರಿಗಾಗಿ ಕಟ್ಟಿದ ಕಲ್ಲುಗಳು. ಅದು ಇತಿಹಾಸ, ಅದನ್ನು ಹಂಗೇ ಕಲಿಯಬೇಕು. ಆದರೆ ಇಷ್ಟು ಸಣ್ಣ ಬಾಗಿಲು ನೋಡಿ, ಇಷ್ಟು ದೊಡ್ಡ ಚಪ್ಪಡಿ ನೋಡಿ, ‘ಕುಳ್ಳರೇ ಇರಬೇಕು, ಬಲ ಮಾತ್ರ ಆನೆಯದ್ದು’ ಎಂದು ಲೆಕ್ಕ ಹಾಕಿದ ನಮ್ಮ ಹಿಂದಿನವರ ತಲೆ ಎಂಥದು! ಬಾಗಿಲಿಗೆ ಒಂದು ಕಾರಣ, ಚಪ್ಪಡಿಗೆ ಒಂದು ಕಾರಣ. ಫ್ಯಾಂಟಸಿ ಬರೆಯುವವರು ಮಾಡುವುದು ಇದನ್ನೇ. ಕಣ್ಣಿಗೆ ಕಾಣುವ ಕಲ್ಲಿನಿಂದ ಹೊರಟು, ಆ ಕಲ್ಲಿಗೆ ಹೊಂದುವ ಜನರನ್ನು ಹುಟ್ಟಿಸುವುದು. ಟೋಲ್ಕಿನ್ ಆ ಹಳೇ ಹೆಸರುಗಳಿಂದ ಮೂರು ಸಂಪುಟ ಬರೆದರು. ನಮ್ಮ ಮೋರ್ಯರ ಬಗ್ಗೆ ಒಂದು ಸಣ್ಣ ಮಕ್ಕಳ ಕಾದಂಬರಿಯನ್ನೂ ನಾನು ಇದುವರೆಗೆ ನೋಡಿಲ್ಲ.

ಕನ್ನಡದಲ್ಲಿ ಸ್ವಂತ ಲೋಕ ಕಟ್ಟಿದವರು ಇಲ್ಲವೇ ಎಂದರೆ, ಇದ್ದಾರೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ಶಿವಾಪುರ ನಕ್ಷೆಯಲ್ಲಿ ಇಲ್ಲದ ಊರು. ನಾಟಕ, ಕಾವ್ಯ, ಕಾದಂಬರಿ ಎಲ್ಲದರಲ್ಲೂ ಆ ಊರು ಮತ್ತೆ ಮತ್ತೆ ಬರುತ್ತದೆ. ‘ಚಕೋರಿ’, ‘ಶಿಖರಸೂರ್ಯ’ ಓದಿದವರಿಗೆ ಗೊತ್ತು, ಅಲ್ಲಿ ಯಕ್ಷಿಯೂ ಇದ್ದಾಳೆ, ವಿದ್ಯೆಯ ಸೊಕ್ಕಿನಲ್ಲಿ ಕೆಟ್ಟವನೂ ಇದ್ದಾನೆ. ಜ್ಞಾನಪೀಠ ಬಂದ ಸಾಹಿತಿ ಎಂದು ದೂರ ಇಟ್ಟು ನಮಸ್ಕಾರ ಮಾಡುತ್ತೇವೆಯೇ ಹೊರತು, ಇದು ನಮ್ಮ ಭಾಷೆಯ ಫ್ಯಾಂಟಸಿ, ತಗೋ ಓದು ಎಂದು ಹುಡುಗರ ಕೈಗೆ ಕೊಡುವುದಿಲ್ಲ. ಉತ್ತರ ಕರ್ನಾಟಕದ ಮಾತು ಅದು, ನಮ್ಮ ಹುಡುಗರಿಗೆ ಮೈಸೂರು ಕನ್ನಡಕ್ಕಿಂತ ಬೇಗ ಹತ್ತುತ್ತದೆ.

ಕತ್ತಿ, ಮಂತ್ರವಾದಿ, ಸಾಹಸ ಇರುವುದು ಇನ್ನೊಂದು ಬಗೆ. ಇಂಗ್ಲಿಷಿನಲ್ಲಿ ಸೋರ್ಡ್ ಅಂಡ್ ಸೋರ್ಸರಿ, ಕತ್ತಿ-ಮಾಟ ಎಂದು ಇಟ್ಟುಕೊಳ್ಳಿ. ಇಲ್ಲಿ ಲೋಕ ಉಳಿಸುವ ದೊಡ್ಡ ಮಾತಿಲ್ಲ. ನಾಯಕನಿಗೆ ಅವನದೇ ಕಾರಣ: ಹುಡುಗಿ, ಹೊನ್ನು, ಸೇಡು. ಒಂದು ಆಪತ್ತು ಮುಗಿಯುವುದರೊಳಗೆ ಇನ್ನೊಂದು. ನಮ್ಮಪ್ಪನ ಕಾಲದವರಿಗೆ ಈ ರುಚಿ ಹತ್ತಿದ್ದು ‘ಚಂದಮಾಮ’ದಿಂದ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಅದರಲ್ಲಿ ದಾಸರಿ ಸುಬ್ರಹ್ಮಣ್ಯಂ ಎಂಬ ತೆಲುಗು ಲೇಖಕರು ವರ್ಷಗಟ್ಟಲೆ ಧಾರಾವಾಹಿ ಬರೆದರು: ದ್ವೀಪ, ಮಾಂತ್ರಿಕ, ವಿಚಿತ್ರ ಮೃಗ, ಇಬ್ಬರು ಗೆಳೆಯರು. ಅದೇ ಕನ್ನಡಕ್ಕೂ ಬರುತ್ತಿತ್ತು, ಬರೆದವರ ಹೆಸರು ಮಾತ್ರ ಓದುಗರಿಗೆ ಗೊತ್ತಿರಲಿಲ್ಲ.

ಗಡಿನಾಡಿನವರಾದ ನಮಗೆ ತೆಲುಗಿನ ಇನ್ನೊಂದು ಬಾಗಿಲೂ ಇತ್ತು, ಸಿನಿಮಾ. 1951ರ ‘ಪಾತಾಳ ಭೈರವಿ’ಯಿಂದ ಹಿಡಿದು ವಿಠಲಾಚಾರ್ಯರ 1978ರ ‘ಜಗನ್ಮೋಹಿನಿ’ವರೆಗೆ. ಈ ವಿಠಲಾಚಾರ್ಯರು ಉಡುಪಿ ಕಡೆಯ ಕನ್ನಡಿಗರು, ತೆಲುಗಿನಲ್ಲಿ ಜಾನಪದ ಬ್ರಹ್ಮ ಎನಿಸಿಕೊಂಡರು. ಕಡಿಮೆ ದುಡ್ಡು, ಥರ್ಮಾಕೋಲಿನ ಗುಹೆ, ಎಲುಬಿನ ಹಂದರ ಕುಣಿಯುವುದು. ಈಗಿನ ಹುಡುಗರು ನೋಡಿ ನಗುತ್ತಾರೆ. ನನಗೂ ನಗು ಬರುತ್ತದೆ, ಆದರೆ ಬಾಹುಬಲಿಯ ಅಜ್ಜ ಆ ಥರ್ಮಾಕೋಲಿನ ಗುಹೆಯಲ್ಲೇ ಹುಟ್ಟಿದ್ದು.

ಬಾಗಿಲು ದಾಟಿ ಹೋಗುವ ಕತೆ ಬೇರೆ. ನಮ್ಮಂಥ ಊರಿನ ಸಾಮಾನ್ಯ ಹುಡುಗ ಅಥವಾ ಹುಡುಗಿ, ಒಂದು ಸಂದಿಯಿಂದ ಮಾಯಾಲೋಕಕ್ಕೆ ಜಾರುತ್ತಾರೆ. ಲೂಯಿಸ್ ಎಂಬ ಲೇಖಕ 1950ರಲ್ಲಿ ಬರೆದ ನಾರ್ನಿಯಾ ಕತೆಯಲ್ಲಿ ಅರಿವೆಯ ಕಪಾಟೇ ಬಾಗಿಲು. ಆಯಿಯ ಕತೆಯಲ್ಲಿ ಬಾವಿ. ಕೊಡ ಬಿತ್ತು ಎಂದು ಇಳಿದ ಸೊಸೆಗೆ ತಳದಲ್ಲಿ ಇನ್ನೊಂದು ಊರು ಕಾಣುತ್ತದೆ. ಇಂಥ ಕತೆಯ ಗುರುತು ಅಂದರೆ, ಹೋದವರು ತಿರುಗಿ ಬರಬೇಕು, ಬಂದಾಗ ಮೊದಲಿನವರಾಗಿ ಇರಬಾರದು. ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗಿ ಯುಗಾದಿಗೆ ಬರುವ ನಮ್ಮ ಹುಡುಗರನ್ನು ನೋಡಿದಾಗ ನನಗೆ ಈ ಬಗೆಯೇ ನೆನಪಾಗುತ್ತದೆ. ಅದು ಬೇರೆ ಮಾತು.

ಆಯಿಯ ಕತೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾಯೆಗೆ ಇರುವ ಕಾಯ್ದೆ. ರಾಕ್ಷಸನ ಜೀವ ಏಳು ಸಮುದ್ರದ ಆಚೆ ಗಿಣಿಯಲ್ಲಿ ಇರುತ್ತದೆ. ಗಿಣಿ ಸಿಕ್ಕರೆ ಮಾತ್ರ ಅವನು ಸಾಯುತ್ತಾನೆ, ಕತ್ತಿಯಿಂದ ಸಾಯಲ್ಲ. ಆ ಕಾಯ್ದೆ ಕತೆ ಮುಗಿಯುವವರೆಗೂ ಬದಲಾಗಲ್ಲ. ಬೆಳಗಾವಿಯಲ್ಲಿ ಪಾಠ ಮಾಡುತ್ತಿದ್ದ, ಮುಂದೆ ಅಮೆರಿಕಕ್ಕೆ ಹೋದ ಎ.ಕೆ. ರಾಮಾನುಜನ್ ನಮ್ಮ ಹೆಂಗಸರಿಂದ ಇಂಥ ಕತೆ ಸಂಗ್ರಹಿಸಿದರು. ಅದರಲ್ಲಿ ಹೂವಿನ ಗಿಡವಾಗುವ ಹುಡುಗಿಯ ಕತೆ ಒಂದು. ನೀರು ಹಾಕಿದರೆ ಗಿಡವಾಗುತ್ತಾಳೆ, ಮತ್ತೆ ನೀರು ಹಾಕಿದರೆ ಹುಡುಗಿಯಾಗುತ್ತಾಳೆ. ಆದರೆ ಗಿಡವಾಗಿದ್ದಾಗ ಟೊಂಗೆ ಮುರಿಯಬಾರದು. ನಾದಿನಿ ಮತ್ತು ಅವಳ ಗೆಳತಿಯರು ಮುರಿದರು, ಆ ಹುಡುಗಿ ಅರ್ಧ ದೇಹವಾಗಿ ಉಳಿದಳು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನೇ ‘ಚೆಲುವಿ’ ಎಂಬ ಸಿನಿಮಾ ಮಾಡಿದರು. ಮಾಯೆ ಇದೆ, ಆದರೆ ಪುಕ್ಕಟೆ ಅಲ್ಲ, ಯಾರೋ ಬೆಲೆ ತೆರುತ್ತಾರೆ. ಮಾವನ ಮನೆಗೆ ಹೋದ ಯಾವ ಹೆಣ್ಣುಮಗಳಿಗೂ ಈ ಕತೆ ಸುಳ್ಳು ಅನಿಸಲ್ಲ.

ರಾಮಾನುಜನ್ ಅವರಿಂದ ಕೇಳಿದ ಇನ್ನೆರಡು ಕತೆಗಳಿಂದಲೇ ಕಾರ್ನಾಡರ 1988ರ ‘ನಾಗಮಂಡಲ’ ಹುಟ್ಟಿದ್ದು. ಹೆಂಡತಿಯನ್ನು ಮನೆಯಲ್ಲಿ ಕೀಲಿ ಹಾಕಿ ಹೋಗುವ ಗಂಡ, ಅವನ ರೂಪದಲ್ಲಿ ರಾತ್ರಿ ಬರುವ ನಾಗ. ಚಹಾದ ಅಂಗಡಿಯ ಕಾಕಾ ತೋರಿಸಿದ್ದೂ ನಾಗರಹಾವೇ, ಇದೂ ನಾಗರಹಾವೇ. ಆದರೆ ಈ ನಾಟಕ ನೋಡಿ ಎದ್ದವರು ಹಾವನ್ನು ಹುಡುಕಿಕೊಂಡು ಹೋಗುವುದಿಲ್ಲ, ಕೀಲಿ ಹಾಕಿದ ಗಂಡನ ಬಗ್ಗೆ ಮಾತಾಡುತ್ತಾರೆ.

ಈಗ ದೆವ್ವದ ಕತೆಗೆ ಬರೋಣ. ಇಲ್ಲಿ ನಾವು ಎಲ್ಲಿಗೂ ಹೋಗಲ್ಲ, ಅದೇ ನಮ್ಮ ಮನೆಗೆ ಬರುತ್ತದೆ. ಮೆಂಡಲ್‌ಸನ್ ಇದನ್ನು ನುಗ್ಗಿಬರುವ ಫ್ಯಾಂಟಸಿ ಎಂದರು. ಭಯ ಜಾಸ್ತಿಯಾದರೆ ಡಾರ್ಕ್ ಫ್ಯಾಂಟಸಿ ಎನ್ನುತ್ತಾರೆ. ಊರು ಮೊದಲು ನೆಟ್ಟಗೆ ಇರುತ್ತದೆ, ಆಮೇಲೆ ಏನೋ ಒಳಗೆ ಬರುತ್ತದೆ, ಅದನ್ನು ಹೊರಗೆ ಹಾಕಿದರೆ ಕತೆ ಮುಗಿಯಿತು.

ಇದರೊಳಗೇ ಇನ್ನೊಂದು ಸೂಕ್ಷ್ಮ ಇದೆ. ಫ್ರಾನ್ಸಿನಲ್ಲಿದ್ದ ಟೊಡೊರೊವ್ ಎಂಬ ವಿಮರ್ಶಕ 1970ರಲ್ಲಿ ಹೇಳಿದ್ದು: ಕಂಡದ್ದು ಖರೇ ದೆವ್ವವೋ, ನಮ್ಮ ಮನಸ್ಸಿನ ಭ್ರಮೆಯೋ ಎಂದು ತೀರ್ಮಾನ ಆಗದೆ ತೂಗಾಡುವ ಹೊತ್ತು ಇದೆಯಲ್ಲ, ಅದೇ ಇಂಥ ಕತೆಯ ಜೀವ. ತೀರ್ಮಾನ ಆದ ಕೂಡಲೇ ಕತೆ ಬೇರೆ ಬಗೆಗೆ ಹೋಗುತ್ತದೆ. ನಮ್ಮ ಮುತ್ಯಾನ ಕಡೆ ಇಂಥದೇ ಒಂದು ಕತಿ ಇತ್ತು. ನೀರು ಬಿಡಲು ರಾತ್ರಿ ಹೊಲಕ್ಕೆ ಹೋದಾಗ ಹುಣಸಿಗಿಡದ ಬುಡಕ್ಕೆ ಬಿಳೀ ಸೀರೆ. ಕೊನೆಗೆ ಅದು ಯಾರೋ ಒಣಹಾಕಿ ಮರೆತ ಧೋತರ ಇರಬಹುದು ಎನ್ನುತ್ತಿದ್ದ. ಇರಬಹುದು ಎನ್ನುತ್ತಿದ್ದನೇ ಹೊರತು, ಹೌದು ಎಂದು ಒಮ್ಮೆಯೂ ಹೇಳಲಿಲ್ಲ. ಸಾಯುವವರೆಗೂ ಆ ಕತಿಯನ್ನು ಮುತ್ಯಾ ಹಾಳು ಮಾಡಲಿಲ್ಲ.

ನಲವತ್ತು ದಾಟಿದವರಿಗೆ ‘ನಾಳೆ ಬಾ’ ನೆನಪಿರಬೇಕು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ಮನೆ ಬಾಗಿಲಿಗೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಈ ಎರಡು ಶಬ್ದ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ‘ನಾಳೆ ಬಾ’ ಎಂದು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದಾಗಲೂ ಅದೇ ಓದುತ್ತದೆ. ದೆವ್ವಕ್ಕೂ ಕನ್ನಡ ಓದಲು ಬರುತ್ತದೆ ಎಂದು ನಂಬಿದ ನಮ್ಮ ಜನರ ಅಭಿಮಾನ ದೊಡ್ಡದು. 2018ರಲ್ಲಿ ಇದರಿಂದಲೇ ಎಳೆ ಹಿಡಿದು ಹಿಂದಿಯಲ್ಲಿ ‘ಸ್ತ್ರೀ’ ಸಿನಿಮಾ ಬಂತು. ಜನ ಟಿಕೆಟ್ ತಗೊಂಡು ನೋಡಿ ನಕ್ಕರು, ಹೆದರಿದರು, ಮನೆಗೆ ಬಂದು ಮಲಗಿದರು.

ಒಂದೇ ದೆವ್ವ. ಬಾಗಿಲ ಮೇಲೆ ಇದ್ದಾಗ ವದಂತಿ, ಪರದೆಯ ಮೇಲೆ ಬಂದಾಗ ಫ್ಯಾಂಟಸಿ. ವ್ಯತ್ಯಾಸ ದೆವ್ವದಲ್ಲಿ ಇಲ್ಲ, ಟಿಕೆಟಿನಲ್ಲಿ ಇದೆ. ಟಿಕೆಟ್ ಅಂದರೆ ಆಯಿಗೆ ನಾವು ಹೇಳುತ್ತಿದ್ದ ಹ್ಞೂಂ.

ಉಳಿದ ಬಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರಾಣಿಗಳು ಮನುಷ್ಯರಂತೆ ಮಾತಾಡುವ ಕತೆ ನಮಗೆ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ‘ಪಂಚತಂತ್ರ’ ಬರೆದ. ನಮ್ಮ ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಇರುವುದು ಅದೇ ಕಲ್ಯಾಣ. ದೊಡ್ಡ ಊರಿನ ಬಸ್ಸು, ಕಚೇರಿ, ಕಾಲೇಜುಗಳ ನಡುವೆ ಮಾಟಗಾರರು ಓಡಾಡುವುದಕ್ಕೆ ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ನನಗೆ ಅದರ ರುಚಿ ಅಷ್ಟಾಗಿ ಹತ್ತಿಲ್ಲ. ವಿಜ್ಞಾನ ಕತೆ ಫ್ಯಾಂಟಸಿಯ ತಮ್ಮನಂತೆ ಕಂಡರೂ ಮನೆ ಬೇರೆ. ಅಲ್ಲಿ ಆಗುವುದಕ್ಕೆ ಮಂತ್ರವಲ್ಲ, ಯಂತ್ರದ ಕಾರಣ ಕೊಡಬೇಕು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಆ ಮನೆಯವರು.

ಮಾಂತ್ರಿಕ ವಾಸ್ತವದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಇಲ್ಲಿ ಮಾಯೆ ಹೊರಗಿನಿಂದ ಬರಲ್ಲ, ಮೊದಲಿನಿಂದಲೂ ಮನೆಯಲ್ಲೇ ಇರುತ್ತದೆ, ಯಾರಿಗೂ ಅದರಿಂದ ಆಶ್ಚರ್ಯ ಆಗಲ್ಲ. ಕೊಲಂಬಿಯಾದ ಮಾರ್ಕ್ವೆಜ್ ಇದಕ್ಕೆ ಹೆಸರುವಾಸಿ. ಕನ್ನಡದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಇದೆ. ಮನೆ ಮನೆಯ ದೀಪಗಳು ರಾತ್ರಿ ಒಂದು ಕಡೆ ಸೇರಿ, ತಮ್ಮ ತಮ್ಮ ಮನೆಯಲ್ಲಿ ಏನಾಯಿತು ಎಂದು ಮಾತಾಡುತ್ತವೆ. ಮಂಚವೂ ಕತೆ ಹೇಳುತ್ತದೆ. ಅದೇ ಪುಸ್ತಕದಲ್ಲಿ ಜಾತಿಗಾಗಿ ಮಾಡಿದ ಕೊಲೆಯೂ ಇದೆ. ಮನುಷ್ಯರು ಬಾಯಿ ಬಿಡಲು ಹೆದರುವ ಊರಲ್ಲಿ ದೀಪ ಮಾತಾಡದೆ ಮತ್ತ್ಯಾರು ಮಾತಾಡಬೇಕು? ನಂಜನಗೂಡು ಕಡೆಯ ಕನ್ನಡ ನಮಗೆ ಮೊದಲು ತೊಡಕಾಗುತ್ತದೆ, ಗಟ್ಟಿಯಾಗಿ ಓದಿದರೆ ಬಿಡಿಸಿಕೊಳ್ಳುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಬೈಗುಳ ಬರುತ್ತವೆ. ಕೊಡೇಕಲ್ ಬಸವಣ್ಣನ ಕಾಲಜ್ಞಾನ, ಮೈಲಾಪುರ ಮಲ್ಲಯ್ಯನ ಕತೆ, ತಿಂಥಣಿ ಮೌನೇಶ್ವರನ ಪವಾಡ, ಇವನ್ನು ನಾನು ಈ ಪಟ್ಟಿಗೆ ಸೇರಿಸಿಲ್ಲ. ಅವು ನಂಬಿಕೆಯವು. ಅಲ್ಲಿ ಹೇಳುವವರು, ಕೇಳುವವರು ‘ಇದು ಕತಿ’ ಎಂದು ಕರಾರು ಮಾಡಿಕೊಂಡಿಲ್ಲ. 2022ರಲ್ಲಿ ‘ಕಾಂತಾರ’ ಬಂದಾಗ ಪೇಟೆಯ ಕೆಲವು ವಿಮರ್ಶಕರು ಫ್ಯಾಂಟಸಿ ಎಂದು ಬರೆದರು. ಸಿನಿಮಾಕ್ಕೆ ಆ ಹೆಸರು ಒಪ್ಪಬಹುದು, ಆದರೆ ತುಳುನಾಡಿನಲ್ಲಿ ದೈವದ ಮುಂದೆ ಕೈಮುಗಿದು ನಿಂತವನಿಗೆ ಆ ಹೆಸರು ಒಪ್ಪದು. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಬೇರೆಯವರ ದೇವರನ್ನು ನನ್ನ ಕಪಾಟಿನಲ್ಲಿ ಇಡಲು ನನಗೆ ಹಕ್ಕಿಲ್ಲ.

ನಡುವೆ ನಿಂತಿರುವುದು ದೊಡ್ಡಾಟ. ಕತೆ ಪುರಾಣದ್ದೇ, ಆದರೆ ಆಟ ನಮ್ಮದು. ಭುಜಕೀರ್ತಿ ಕಟ್ಟಿ, ಮೀಸೆ ತಿರುವಿ, ಅಟ್ಟ ಮುರಿಯುವಂತೆ ಕುಣಿದ ರಾಕ್ಷಸ ಬೆಳಗಾದ ಮೇಲೆ ಕಿವಿಯ ಹಿಂದೆ ಬಣ್ಣ ಹಂಗೇ ಇಟ್ಟುಕೊಂಡು ನಿಮ್ಮ ಪಕ್ಕದಲ್ಲೇ ಚಹಾ ಕುಡಿಯುತ್ತಾನೆ. ‘ಯಾಕಲೇ, ರಾತ್ರಿ ಅಂಜಿದ್ದೇನು?’ ಎಂದು ಕೇಳುತ್ತಾನೆ. ಸುಳ್ಳು ಯಾವುದು, ಆಟ ಯಾವುದು, ನಂಬಿಕೆ ಯಾವುದು ಎಂದು ನನಗೆ ಮೊದಲು ಕಲಿಸಿದ್ದು ಪತ್ರಿಕೋದ್ಯಮದ ತರಗತಿ ಅಲ್ಲ, ಆ ಚಹಾ ಕುಡಿಯುವ ರಾಕ್ಷಸ.

ಈಗ, ಇದು ಬರೀ ಸಾಹಿತ್ಯದ ಮಾತಲ್ಲ ಎಂದೆನಲ್ಲ, ಅದಕ್ಕೆ ಬರುತ್ತೇನೆ. 2018ರ ಜುಲೈ. ನಮ್ಮ ಭಾಗದ್ದೇ ಬೀದರ ಜಿಲ್ಲೆ, ಔರಾದ ಕಡೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂಬ ಮಾತು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಗುಂಪು ಅವರನ್ನು ಹಿಡಿದು ಹೊಡೆಯಿತು. ಒಬ್ಬ ಇಂಜಿನಿಯರ್ ಹುಡುಗ ಸತ್ತ. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸುವ ಮಿತಿ ತಂದರು.

ಮಕ್ಕಳನ್ನು ಎತ್ತಿಕೊಂಡು ಹೋಗುವ, ಸಿಹಿ ಕೊಟ್ಟು ಮರುಳು ಮಾಡುವ ಅಪರಿಚಿತ. ಇದು ಲೋಕದ ಎಲ್ಲಾ ಅಜ್ಜಿಯರ ಕತೆಯಲ್ಲಿ ಇರುವ ರಾಕ್ಷಸ. ನುಗ್ಗಿಬರುವ ಬಗೆಯ ಕತೆಯ ಅಸ್ಥಿಪಂಜರ ಅದು: ಊರು ನೆಟ್ಟಗೆ ಇತ್ತು, ಹೊರಗಿನವ ಬಂದ, ಹೊರಗೆ ಹಾಕಬೇಕು. ಕತೆಯಲ್ಲಿ ಇದ್ದಾಗ ಅದು ಮಕ್ಕಳಿಗೆ ಎಚ್ಚರ ಕಲಿಸುತ್ತದೆ. ಅದೇ ಅಸ್ಥಿಪಂಜರಕ್ಕೆ ಕಾರಿನ ಬಣ್ಣ, ಊರಿನ ಹೆಸರು, ಎರಡು ಫೋಟೋ ಅಂಟಿಸಿ ‘ಎಲ್ಲರಿಗೂ ಕಳಿಸಿ’ ಎಂದು ಬರೆದರೆ ಜೀವ ತೆಗೆಯುತ್ತದೆ.

ನಮ್ಮ ಊರಲ್ಲೂ ಒಮ್ಮೆ ಇಂಥ ಮಾತು ಹಬ್ಬಿತ್ತು. ಆಗ ನಾನು ಗಮನಿಸಿದ್ದು ಒಂದೇ. ಬೆಳಿಗ್ಗೆ ಕೇಳಿದ್ದು ‘ಮಕ್ಕಳ ಕಳ್ಳರು ಬಂದಾರಂತ’. ಮಧ್ಯಾಹ್ನ ಹಿಟ್ಟಿನ ಗಿರಣಿಯ ಮುಂದೆ ‘ಬಂದಾರ’. ಸಂಜೆಗೆ ‘ನಮ್ಮ ಮಂದಿ ನೋಡ್ಯಾರ’. ಬೆಳಿಗ್ಗೆಯಿಂದ ಸಂಜೆಯೊಳಗೆ ಆ ‘ಅಂತ’ ಎಲ್ಲಿ ಉದುರಿ ಬಿತ್ತು ಯಾರಿಗೂ ಗೊತ್ತಾಗಲಿಲ್ಲ. ಆಯಿ ನೂರು ಸಲ ಅದೇ ರಾಜನ ಕತೆ ಹೇಳಿದರೂ ನೂರು ಸಲವೂ ‘ಇದ್ನಂತ’ ಎಂದೇ ಹೇಳಿದಳು. ಅಕ್ಷರ ಬಾರದ ಹೆಣ್ಣುಮಗಳು ಮೂಲ ಹೇಳದೆ ಒಂದು ವಾಕ್ಯ ಮುಗಿಸಲಿಲ್ಲ. ನಾವು ಪದವೀಧರರು ಫಾರ್ವರ್ಡ್ ಒತ್ತುತ್ತೇವೆ.

ನಿಧಿಯ ವಿಡಿಯೋಗಳೂ ಹಂಗೇ. ನಿಧಿ ಕಾಯುವ ಹಾವು ಕತೆಯಲ್ಲಿ ಇದ್ದರೆ ಚಂದ. ಅದನ್ನು ಖರೇ ಎಂದು ನಂಬಿ ಹಳೇ ಗುಡಿ, ಗೋರಿ, ಕಲ್ಲುಮನೆಗಳ ಬುಡ ಅಗೆಯುವವರು ನಮ್ಮ ಚರಿತ್ರೆಯನ್ನೇ ಅಗೆದು ಹಾಕುತ್ತಾರೆ. ನಿಧಿಗಾಗಿ ಮಾಡುವ ಅಮಾನವೀಯ ಪೂಜೆ, ವಾಮಾಚಾರಗಳನ್ನು 2017ರ ಕರ್ನಾಟಕದ ಕಾಯ್ದೆ ಅಪರಾಧ ಎನ್ನುತ್ತದೆ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾಯ್ದೆ ಬೇಕು. ಆದರೆ ಹತ್ತು ವರ್ಷದ ಹುಡುಗನ ಕೈಗೆ ಕಾಯ್ದೆ ಕೊಡಲು ಬರಲ್ಲ, ಕತೆ ಕೊಡಲು ಬರುತ್ತದೆ.

ಹಂಗಾದರೆ ಮಾಯಾ ಕತೆಯೇ ಬೇಡ, ಮಕ್ಕಳ ತಲೆ ಕೆಡುತ್ತದೆ ಎನ್ನುವವರಿದ್ದಾರೆ. ಒಬ್ಬ ಗುರುಗಳು ನನಗೆ ಹಂಗೇ ಹೇಳಿದರು, ಒಳ್ಳೆಯ ಮನಸ್ಸಿನಿಂದಲೇ. ನಾನು ಒಪ್ಪುವುದಿಲ್ಲ. ಕತೆ ಕೇಳದೆ ಬೆಳೆದವನಿಗೆ ಕತೆಯ ವಾಸನೆ ಗೊತ್ತಾಗಲ್ಲ, ಅವನು ಎಲ್ಲವನ್ನೂ ಸುದ್ದಿ ಎಂದುಕೊಳ್ಳುತ್ತಾನೆ. ಹತ್ತು ಬಗೆಯ ಮಾಯಾ ಕತೆ ಕೇಳಿದ ಹುಡುಗಿಗೆ ಹಾವಿನ ವಿಡಿಯೋ ತೋರಿಸಿ ನೋಡಿ, ‘ಇದರ ಮುಂದಿನ ಭಾಗ ಎಲ್ಲಿ?’ ಎಂದು ಕೇಳುತ್ತಾಳೆ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡಿಮೆ. ಈ ಅಂಕಿ ಹೇಳಿದ ಕೂಡಲೇ ಎಲ್ಲರೂ ಪರೀಕ್ಷೆ, ಫಲಿತಾಂಶ, ತರಬೇತಿ ಎನ್ನುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಒಳ್ಳೆಯದು. ನಾನು ಹೋದ ಒಂದು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಎರಡು ಕಪಾಟು ತುಂಬಿದ್ದವು. ಮಕ್ಕಳ ಕತೆ ಪುಸ್ತಕ ಕೆಳಗಿನ ಒಂದೇ ಹಲಗೆಯಲ್ಲಿ, ಅದರಲ್ಲೂ ಅರ್ಧ ನೀತಿಕತೆ. ಪಿಡಿಓ ಆಗುವವರಿಗೆ 2 ಕಪಾಟು, ಇನ್ನೂ ಓದಲು ಕಲಿಯುತ್ತಿರುವವರಿಗೆ 1 ಹಲಗೆ. ಲೆಕ್ಕ ತಿರುಗಾಮುರುಗಾ ಆಗಿದೆ. ಓದುವ ಚಟ ಹತ್ತುವುದು ಮುಂದೇನಾಯಿತು ಎಂಬ ಕುತೂಹಲದಿಂದ, ಸಾಮಾನ್ಯ ಜ್ಞಾನದಿಂದ ಅಲ್ಲ.

ನಿಮ್ಮ ಪಂಚಾಯಿತಿಯಲ್ಲಿ ಪುಸ್ತಕ ಖರೀದಿಯ ಪಟ್ಟಿ ಮಾಡುವಾಗ ಸದಸ್ಯರಿಗೆ ಹೇಳಿ, ಕಂಬಾರರ ನಾಟಕಗಳು, ‘ನಾಗಮಂಡಲ’, ರಾಮಾನುಜನ್ ಸಂಗ್ರಹದ ಜನಪದ ಕತೆಗಳು, ‘ಪಂಚತಂತ್ರ’ದ ಸರಳ ಕನ್ನಡ, ಟೋಲ್ಕಿನ್, ನಾರ್ನಿಯಾಗಳ ಕನ್ನಡ ರೂಪ ಸಿಕ್ಕರೆ ಅವೂ ಇರಲಿ. ದೊಡ್ಡ ಖರ್ಚೇನಲ್ಲ.

ಕೊನೆಗೆ ನನ್ನದೊಂದು ಸ್ವಾರ್ಥದ ಕೆಲಸ ಇದೆ. ಮೋರ್ಯರ ಪೂರ್ತಿ ಕತೆ ನನಗೆ ಸಿಕ್ಕಿಲ್ಲ. ಟೇಲರ್ ಬರೆದದ್ದು ನಾಲ್ಕು ಸಾಲು. ರಾಜನಕೋಳೂರು, ಹುಣಸಗಿ, ಕೊಡೇಕಲ್ ಕಡೆ ಯಾರ ಮನೆಯಲ್ಲಾದರೂ ಆಯಿಯೋ ಮುತ್ಯಾನೋ ಆ ಕುಳ್ಳರ ಕತೆ ಹೇಳುತ್ತಿದ್ದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಯಾವ ಊರು, ಅವರು ಯಾರಿಂದ ಕೇಳಿದ್ದು, ಅದನ್ನೂ ಕೇಳಿ ಬರೆಯಿರಿ. ನಡುವೆ ಹ್ಞೂಂ ಅನ್ನುವವರ ದನಿ ಬಂದರೆ ಕತ್ತರಿಸಬೇಡಿ.